ಗೃಹಲಕ್ಷ್ಮಿ ಹಣ, ಚೀಟಿ ಮತ್ತು ಎರಡು ಆಡು: ಎರಡು ವರ್ಷ ಬಳಸಿ ನೋಡಿದ ಮೇಲೆ

ತಿಂಗಳಿಗೆ 2,000 ರೂಪಾಯಿಗೆ ಸಂತೆಯಲ್ಲಿ ಆಡು ಸಿಗುವುದಿಲ್ಲ. ಗೃಹಲಕ್ಷ್ಮಿ ಯೋಜನೆಯನ್ನು ಒಂದು ಸೇವೆಯೆಂದು ಎಣಿಸಿ, ಅದು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ನಮ್ಮಂಥ ಮನೆಗೆ ಪಶುಪಾಲನೆಯಲ್ಲಿ ಎಷ್ಟು ಉಪಯೋಗಕ್ಕೆ ಬಂತು ಎಂದು ಅಳೆಯುವಾಗ ಮೊದಲು ಹೇಳಬೇಕಾದ ಮಾತು ಇದೇ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಈ ಯೋಜನೆಯಲ್ಲಿ, ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾಗಿರುವ ಮಹಿಳೆಯ ಖಾತೆಗೆ ಆ 2,000 ರೂಪಾಯಿ ನೇರವಾಗಿ ಜಮೆಯಾಗುತ್ತದೆ. ಅವಳಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅರ್ಹತೆ ಇಲ್ಲ. ಆ ಹಣವನ್ನು ಇಂಥದ್ದಕ್ಕೇ ಖರ್ಚು ಮಾಡಬೇಕೆಂಬ ಕಟ್ಟುಪಾಡೂ ಇಲ್ಲ.

ಬಿಡಿಬಿಡಿಯಾಗಿ ಬರುವ ಹಣ ಹಿಟ್ಟು, ಎಣ್ಣೆ, ಮಾತ್ರೆಗಳಲ್ಲಿ ಕರಗಿಹೋಗುತ್ತದೆ. ಅದು ತಪ್ಪೂ ಅಲ್ಲ. ಕೀನ್ಯಾದ ರಾರಿಯೇಡಾ ಎಂಬಲ್ಲಿ 2011ರಿಂದ 2013ರವರೆಗೆ ಗಿವ್‌ಡೈರೆಕ್ಟ್ಲಿ ಸಂಸ್ಥೆ ಬಡ ಕುಟುಂಬಗಳಿಗೆ ಷರತ್ತಿಲ್ಲದೆ ಹಣ ಕೊಟ್ಟಾಗ, ತಿಂಗಳ ಕಂತಿನಲ್ಲಿ ಪಡೆದವರ ಮನೆಯಲ್ಲಿ ಊಟದ ಕೊರತೆ ಹೆಚ್ಚು ತಗ್ಗಿತು, ಒಟ್ಟಿಗೆ ಪಡೆದವರು ಬಾಳಿಕೆ ಬರುವ ವಸ್ತುಗಳನ್ನು ಹೆಚ್ಚು ಕೊಂಡರು ಎಂದು ಅಧ್ಯಯನಕಾರರು ಕಂಡುಕೊಂಡರು. ನಮ್ಮ ಓಣಿಯ ಹೆಣ್ಣುಮಕ್ಕಳು ಈ ಅಧ್ಯಯನ ಓದಿದವರಲ್ಲ, ಆದರೆ ಸಣ್ಣ ಕಂತನ್ನು ದೊಡ್ಡ ಗಂಟು ಮಾಡುವ ದಾರಿ ಅವರಿಗೆ ಮೊದಲೇ ಗೊತ್ತಿತ್ತು. ಹತ್ತು ಮಂದಿ ಸೇರಿ ತಲಾ 1,500 ರೂಪಾಯಿಯ ಚೀಟಿ ಹಾಕಿದರು. ಉಳಿದ 500 ಮನೆಖರ್ಚಿಗೆ. ಐದನೆಯ ತಿಂಗಳು ಅವ್ವನ ಹೆಸರು ಬಂತು, 15,000 ರೂಪಾಯಿ ಕೈಗೆ ಸಿಕ್ಕಿತು.

ಸಂತೆಯಲ್ಲಿ ಅವ್ವ ಆಡು ಆರಿಸಿದ ರೀತಿಯನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ಕೆಳದುಟಿ ಎಳೆದು ಹಲ್ಲು ಎಣಿಸಿದಳು. ಎರಡು ದೊಡ್ಡ ಹಲ್ಲು ಮೂಡಿದ್ದರೆ ಪ್ರಾಯದ ಆಡು, ಬಾಯಿ ತುಂಬಿದ್ದರೆ ವಯಸ್ಸಾಗಿದೆ ಎಂದರ್ಥ. ಆಮೇಲೆ ಕೆಚ್ಚಲು ಒತ್ತಿ ನೋಡಿ ಗಂಟಿಲ್ಲವೆಂದು ಖಾತ್ರಿ ಮಾಡಿಕೊಂಡಳು, ಬಾಲದಡಿ ಉಚ್ಚಿಕೊಂಡ ಗುರುತಿದೆಯೇ ಎಂದು ಕಂಡಳು. ದಲ್ಲಾಳಿ ಗುಟ್ಟಾಗಿ ಬೆಲೆ ತಿಳಿಸಲು ಟವೆಲಿನ ಕೆಳಗೆ ಬೆರಳು ಹಿಡಿಯಲು ಕೈಚಾಚಿದಾಗ, ‘ಬಾಯಿ ಬಿಟ್ಟು ಹೇಳಪಾ, ನನಗ ಬೆರಳಿನ ಲೆಕ್ಕ ಬರಂಗಿಲ್ಲ’ ಎಂದಳು. 7,200ಕ್ಕೆ ಒಂದು, 7,500ಕ್ಕೆ ಇನ್ನೊಂದು, ಎರಡೂ ಕರಿಯ ಉಸ್ಮಾನಾಬಾದಿ ತಳಿಯವು. ಉಳಿದ 300 ಹಗ್ಗಕ್ಕೂ ಟಂಟಂ ಬಾಡಿಗೆಗೂ ಸರಿಹೋಯಿತು. ಬೇರೆಯವರು ಆರಿಸಿ ತಂದ ಜಾನುವಾರನ್ನು ಮನೆಬಾಗಿಲಲ್ಲಿ ಕಟ್ಟಿಹೋಗುವ ಪದ್ಧತಿಗಿಂತ ನಗದು ಮೇಲು ಎಂದು ನಾನು ನಂಬುವುದು ಈ ಕಾರಣಕ್ಕೆ: ತಪ್ಪು ಆಡು ಕೊಂಡರೆ ನಷ್ಟ ಅವಳದೇ ಆದುದರಿಂದ ಅವಳಷ್ಟು ಎಚ್ಚರದಿಂದ ಇನ್ನಾರೂ ಹಲ್ಲು ಎಣಿಸುವುದಿಲ್ಲ.

ಯಾದಗಿರಿಯಲ್ಲಿ ಹೆಸರಾದದ್ದು ಕೆಂಗುರಿ ತಳಿಯ ಕುರಿ. ಹಾಗಿದ್ದೂ ಆಡನ್ನೇ ಏಕೆ ಕೊಂಡಿರಿ ಎಂದು ಕೇಳಿದವರಿದ್ದಾರೆ. ಕುರಿಗೆ ಹಿಂಡು ಬೇಕು, ಹಿಂಡಿಗೆ ಕಾಯುವವರು ಬೇಕು. ಎರಡು ಆಡಾದರೆ ಹಿತ್ತಲಲ್ಲಿ ಕಟ್ಟಿ, ತೊಗರಿ ಹೊಟ್ಟು, ಜಾಲಿಕಾಯಿ, ಬೇಲಿಯ ಸೊಪ್ಪು ಹಾಕಿ ಸಾಕಬಹುದು. ಗಬ್ಬ ನಿಂತ ಐದು ತಿಂಗಳಿಗೆ ಈಯುತ್ತವೆ, ಉಸ್ಮಾನಾಬಾದಿ ತಳಿಯಲ್ಲಿ ಅವಳಿ ಮರಿ ಅಪರೂಪವಲ್ಲ. ನಮ್ಮವು ಮೊದಲ ಸಲ ಮೂರು ಮರಿ ಹಾಕಿದವು.

ಇನ್ನು ಕುಂದುಗಳು. ಕಂತು ತಡವಾಗುವ ವಿಷಯ ಪತ್ರಿಕೆಗಳಲ್ಲೂ ವಿಧಾನಸಭೆಯಲ್ಲೂ ಚರ್ಚೆಯಾಗಿದೆ. ಕಂತು ನಿಂತರೆ ಚೀಟಿಯೂ ಏರುಪೇರಾಗುತ್ತದೆ, ಒಬ್ಬಳು ಕಟ್ಟದಿದ್ದರೆ ಉಳಿದ ಒಂಬತ್ತು ಮಂದಿಯ ನಡುವೆ ಮಾತು ಬೆಳೆಯುತ್ತದೆ. ಹಣ ತೆಗೆಯುವ ಕಷ್ಟ ಬೇರೆ. ಹತ್ತಿ ಬಿಡಿಸಿ ಬಿಡಿಸಿ ಅವ್ವನ ಹೆಬ್ಬೆರಳಿನ ಗೆರೆಗಳು ಸವೆದಿವೆ, ಯಂತ್ರ ಗುರುತು ಹಿಡಿಯುವುದಿಲ್ಲ; ಹಣ ಕೊಡುವ ಏಜೆಂಟನೊಬ್ಬ ‘ನಾಳೆ ಬಾ ಅಮ್ಮ’ ಎಂದು ಮೂರು ಸಲ ಕಳಿಸಿ, ನಾಲ್ಕನೆಯ ಸಲ ಕೊಟ್ಟಾಗ 50 ರೂಪಾಯಿ ಮುರಿದುಕೊಂಡ. ಆ ಮೇಲೆ ಎಟಿಎಂ ಕಾರ್ಡ್ ಮಾಡಿಸಿದೆವು, ಮೊದಲೇ ಮಾಡಿಸಬೇಕಿತ್ತು.

ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಹಣದ ಜೊತೆಗೆ ಪಶುವೈದ್ಯರಾಗಲಿ ಲಸಿಕೆಯಾಗಲಿ ಬರುವುದಿಲ್ಲ ಎಂಬುದು. ಮಳೆಗಾಲದಲ್ಲಿ ಒಂದೂವರೆ ತಿಂಗಳ ಮರಿಯೊಂದು ಹೊಟ್ಟೆ ಉಬ್ಬರಿಸಿ ರಾತ್ರಿ ಬೆಳಗಾಗುವುದರೊಳಗೆ ಸತ್ತಿತು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆಂಬುದು ನಮಗೆ ತಿಳಿದದ್ದು ಅದರ ಮರುವಾರ. ಜಾನುವಾರು ಸತ್ತರೆ ಕೊಡುವ ಅನುಗ್ರಹ ಯೋಜನೆಯ ಪರಿಹಾರವನ್ನು 2025-26ರ ಬಜೆಟ್‌ನಲ್ಲಿ ದೊಡ್ಡ ಆಡು-ಕುರಿಗೆ 5,000ದಿಂದ 7,500 ರೂಪಾಯಿಗೆ ಏರಿಸಿದರಾದರೂ, ಅಷ್ಟು ಎಳೆಯ ಮರಿ ಆ ಲೆಕ್ಕದಲ್ಲಿ ಬರುವುದಿಲ್ಲ. ಆಡು-ಕುರಿಗಳಿಗೆ ಬರುವ ಅಂಟುರೋಗವಾದ ಹಿರೇಬೇನೆಯ (ಪಿಪಿಆರ್) ಲಸಿಕೆಯನ್ನು ಈಗ ತಪ್ಪದೆ ಹಾಕಿಸುತ್ತೇವೆ.

ಒಟ್ಟಾರೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಆಡು ಕಟ್ಟಲು ಹಿತ್ತಲಿಲ್ಲದ, ಚೀಟಿಗೆ ನಂಬಿಕೆಯ ಜನರಿಲ್ಲದ ಮನೆಯವರು ಇದರಲ್ಲಿ ಒಂದು ಅಂಕ ಕಳೆದುಕೊಂಡೇ ಓದಬೇಕು. ಕೊಳ್ಳುವವರು ತೊಗರಿ ರಾಶಿ ಮುಗಿದ ಮೇಲೆ ಕೊಳ್ಳಲಿ, ಆಗ ಹೊಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ಉಳಿದೆರಡು ಮರಿಗಳಲ್ಲಿ ಹೋತ ಕಳೆದ ಬಕ್ರೀದ್‌ಗೆ ಮುಂಚೆ 11,000ಕ್ಕೆ ಹೋಯಿತು, ಹೆಣ್ಣು ಮನೆಯಲ್ಲಿದೆ. ಎರಡನೆಯ ಸೂಲಿನ ಮೂರು ಸೇರಿ ಈಗ ದೊಡ್ಡಿಯಲ್ಲಿ ಆರು ಇವೆ. ಅವ್ವನ ಕಣ್ಣು ಈಗ ಎಮ್ಮೆಯ ಮೇಲಿದೆ: ಡೇರಿಗೆ ಹಾಕುವ ಹಾಲಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆಂದು ಅವಳಿಗೆ ಯಾರೋ ಹೇಳಿದ್ದಾರೆ. ಎಮ್ಮೆಯ ಬೆಲೆಗೆ ಒಂದು ಚೀಟಿ ಸಾಲದು, ಅದಕ್ಕೇ ಹೋತ ಮಾರಿದ ಹಣವನ್ನು ಅವಳು ಇನ್ನೂ ಮುಟ್ಟಿಲ್ಲ.