ಫಲಕವಿಲ್ಲದ ‘ಅಕ್ಕನ ಅಂಗಡಿ’: ಹಾಸನದ ಒಂದು ಉದ್ರಿ ದಿನಸಿಯ ಬಗ್ಗೆ

ಹಾಸನದಲ್ಲಿ ಎಪಿಎಂಸಿ ಪ್ರಾಂಗಣದ ಕಡೆಗೆ ಹೋಗುವ ಅಡ್ಡರಸ್ತೆಯೊಂದರಲ್ಲಿ ಈ ದಿನಸಿ ಅಂಗಡಿ ಇದೆ. ಅದಕ್ಕೆ ಫಲಕವಿಲ್ಲ, ಸುತ್ತಲಿನವರೆಲ್ಲ ‘ಅಕ್ಕನ ಅಂಗಡಿ’ ಎನ್ನುತ್ತಾರೆ. ಮೂಟೆ ಹೊರುವ ಹಮಾಲರು, ಗಾರೆ ಕೆಲಸದವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಇಲ್ಲಿನ ಗಿರಾಕಿಗಳು. ಎರಡು ವರ್ಷಗಳಿಂದ ನಾನೂ ಇಲ್ಲಿ ಸಾಮಾನು ಕೊಳ್ಳುತ್ತಿದ್ದೇನೆ. ದಿನಾ ನೂರು ಮಿಲಿ ಎಣ್ಣೆ, ಕಾಲು ಕಿಲೋ ಬೇಳೆ ಒಯ್ಯುವವರನ್ನು ಕಂಡು ‘ಇವರಿಗೆ ನಾಳೆಯ ಯೋಚನೆಯೇ ಇಲ್ಲ’ ಎಂದು ತಿಂಗಳ ಸಂಬಳದವರು ಹೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಆ ಮಾತು ಎಷ್ಟು ತಪ್ಪೆಂಬುದು ಈ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ತಿಳಿಯುತ್ತದೆ.

ಮೊದಲು ಸಾಮಾನಿನ ವಿಚಾರ. ರಾಗಿ ಚೆನ್ನಾಗಿರುತ್ತದೆ, ಕಲ್ಲು ಮಣ್ಣು ಇರುವುದಿಲ್ಲ. ಅಕ್ಕಿ ಸಾಧಾರಣ. ಬಿಡಿ ಅರಿಶಿನ ಪುಡಿಯನ್ನು ಕೊಳ್ಳಬೇಡಿ, ಅದರ ಬಣ್ಣ ನನಗೆ ಒಪ್ಪಿಗೆಯಾಗಲಿಲ್ಲ. ತೂಕದ ಯಂತ್ರದ ಮುಖ ಗಿರಾಕಿಯ ಕಡೆಗೇ ಇದೆ, ತೂಕದಲ್ಲಿ ಒಮ್ಮೆಯೂ ಮೋಸ ಕಂಡಿಲ್ಲ.

ಬೆಲೆ ಮಾತ್ರ ಹೆಚ್ಚು. ನಾನು ಲೆಕ್ಕ ಹಾಕಿದ ದಿನ ಪೇಟೆಯ ದೊಡ್ಡ ಅಂಗಡಿಯಲ್ಲಿ ಕಿಲೋಗೆ 130 ರೂಪಾಯಿ ಇದ್ದ ತೊಗರಿಬೇಳೆ ಇಲ್ಲಿ ಕಾಲು ಕಿಲೋಗೆ 36 ರೂಪಾಯಿ, ಅಂದರೆ ಕಿಲೋಗೆ 144 ರೂಪಾಯಿ ಆಯಿತು. ತಿಂಗಳಿಗೆ ಮೂರು ಸಾವಿರದ ಸಾಮಾನು ಒಯ್ಯುವ ಮನೆಗೆ ಇದೇ ದರದಲ್ಲಿ ಸುಮಾರು ಮುನ್ನೂರು ರೂಪಾಯಿ ಹೆಚ್ಚು ಬೀಳುತ್ತದೆ. ಉದ್ರಿಗೆ ಬಡ್ಡಿ ಇಲ್ಲವೆಂಬುದು ಬಾಯಿಮಾತಿಗೆ ನಿಜವಾದರೂ ಬೆಲೆಯೊಳಗೆ ಬಡ್ಡಿ ಸೇರಿಕೊಂಡಿದೆ; ಬಾಕಿ ಉಳಿಸದೆ ನಗದು ಕೊಡುವವರಿಂದಲೂ ಅದನ್ನೇ ವಸೂಲು ಮಾಡುವುದು ನ್ಯಾಯವಲ್ಲ. ಇದನ್ನು ಅಕ್ಕನಿಗೆ ನೇರವಾಗಿಯೇ ಹೇಳಿದ್ದೇನೆ. ಕೊಡದೆ ಊರು ಬಿಟ್ಟವರ ಬಾಕಿ ತುಂಬುವುದು ಹೇಗೆ ಎಂದು ಅವರು ಕೇಳಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ನನ್ನ ಆಕ್ಷೇಪ ಹಾಗೆಯೇ ಇದೆ.

ಹೀಗಿದ್ದೂ ಜನ ಇಲ್ಲಿಗೇ ಬರುವುದು ಉದ್ರಿ ಲೆಕ್ಕದ ರೀತಿಗಾಗಿ. ಪ್ರತಿ ಮನೆಗೂ ಎರಡು ಚಿಕ್ಕ ಪುಸ್ತಕಗಳಿವೆ: ಒಂದು ಅಂಗಡಿಯಲ್ಲಿ, ಒಂದು ಗಿರಾಕಿಯ ಕೈಯಲ್ಲಿ. ಪ್ರತಿ ಸಾಮಾನನ್ನೂ ಎರಡರಲ್ಲೂ ಆಗಲೇ ಬರೆಯಲಾಗುತ್ತದೆ. ಶನಿವಾರ ಕೂಲಿ ಬಂದ ಮೇಲೆ ಲೆಕ್ಕ ನೋಡುವಾಗ ಅಕ್ಕ ಮೊತ್ತವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪುಸ್ತಕದಲ್ಲಿ ಬೆರಳಿಟ್ಟು ತೋರಿಸುತ್ತಾರೆ. “ಈ ವಾರ ಇನ್ನೂರೇ ಕಣಕ್ಕ ಇರೋದು” ಎಂದು ಹಮಾಲರೊಬ್ಬರು ಹೇಳಿದಾಗ “ಇರ್ಲಿ ಬಿಡಣ್ಣ, ಕೆಲ್ಸ ಬಂದಾಗ ಕೊಡೀರಂತೆ” ಎಂದು ಬರೆದುಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಬೆರಳಿಟ್ಟು ತೋರಿಸುವ ಈ ಒಂದು ನಡತೆಯ ಬೆಲೆ ನನಗೆ ಗೊತ್ತು. ನಾನು ಹುಡುಗನಾಗಿದ್ದಾಗ ನಮ್ಮ ಮನೆಗೆ ಉದ್ರಿ ಕೊಡುತ್ತಿದ್ದ ಅಂಗಡಿಯಾತ ನಾಲ್ಕು ಜನರ ಎದುರು ಅಪ್ಪನ ಹೆಸರು ಹಿಡಿದು ಬಾಕಿಯನ್ನು ಕೂಗಿ ಹೇಳುತ್ತಿದ್ದ. ಆ ಅಂಗಡಿಯ ಮುಂದೆ ಹಾಯಬಾರದೆಂದು ನಾನು ಕೆರೆ ಏರಿಯ ಮೇಲೆ ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದೆ. ತಡವಾಗಿ ಹೋಗಿ ಮೇಷ್ಟ್ರಿಂದ ಸೋಮಾರಿ ಎನಿಸಿಕೊಂಡೆ. ಅಪ್ಪನೂ ಬಾಕಿ ಎಷ್ಟೆಂದು ಕೇಳುವುದನ್ನೇ ಬಿಟ್ಟರು, ಕೇಳದಷ್ಟೂ ಅದು ಬೆಳೆಯಿತು. ಹೊರಗಿನವರಿಗೆ ಅದು ಬೇಜವಾಬ್ದಾರಿಯಾಗಿ ಕಂಡಿತು. ಅದು ನಾಚಿಕೆ ಎಂದು ಇಂದು ನಾನು ಹೇಳಬಲ್ಲೆ.

ಈ ಗಿರಾಕಿಗಳ ತಲೆಯ ಮೇಲಿನ ಭಾರ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಮೇ ತಿಂಗಳಲ್ಲಿ ಪಂಜಾಬಿನ ಜಲಂಧರದಿಂದ ಬಿತ್ತನೆ ಆಲೂಗೆಡ್ಡೆಯ ಲಾರಿಗಳು ಬಂದು ನಿಂತಾಗ ಹಮಾಲರಿಗೆ ಕೈತುಂಬ ಕೆಲಸ. ಮಳೆ ಹಿಡಿದ ಮೇಲೆ ವಾರಕ್ಕೆ ಎರಡು ದಿನ ಸಿಕ್ಕಿದರೆ ಹೆಚ್ಚು. ಅಂಗಮಾರಿ ರೋಗಕ್ಕೆ ಹೆದರಿ ರೈತರು ಶುಂಠಿ, ಮೆಕ್ಕೆಜೋಳದ ಕಡೆಗೆ ತಿರುಗಿದ ಮೇಲೆ ಆ ಮೇ ತಿಂಗಳೂ ಮೊದಲಿನಂತಿಲ್ಲ. ಕೈ ಬರಿದಾದ ಜುಲೈ ತಿಂಗಳಲ್ಲಿ ಅದೇ ಮನುಷ್ಯ ಚಿಲ್ಲರೆ ಎಣಿಸುವಾಗ ತಪ್ಪುತ್ತಾನೆ, ಹೆಂಡತಿ ಹೇಳಿಕಳಿಸಿದ್ದನ್ನು ಮರೆಯುತ್ತಾನೆ, ಸಣ್ಣ ಮಾತಿಗೆ ರೇಗುತ್ತಾನೆ. ಅರ್ಥಶಾಸ್ತ್ರಜ್ಞೆ ಆನಂದಿ ಮಣಿ ಮತ್ತು ಸಂಗಡಿಗರು ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು, ಕೈಯಲ್ಲಿ ಕಾಸಿಲ್ಲದಾಗ ಒಮ್ಮೆ, ಕಟಾವಿನ ಹಣ ಬಂದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಅದೇ ರೈತರ ತರ್ಕ ಮತ್ತು ಗಮನ ಕಟಾವಿಗೆ ಮೊದಲು ಕುಗ್ಗಿದ್ದವು, ಹಣ ಬಂದ ಮೇಲೆ ಸುಧಾರಿಸಿದವು. ಊಟದ ಕೊರತೆಯಾಗಲಿ ಮೈದಣಿವಾಗಲಿ ಈ ವ್ಯತ್ಯಾಸಕ್ಕೆ ಸಾಕಷ್ಟು ಕಾರಣವಲ್ಲ, ಹಣದ ಚಿಂತೆಯೇ ಬುದ್ಧಿಯ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಅವರ ವಾದ. ಸೊಸೈಟಿ ಅಕ್ಕಿ ಯಾವಾಗ ಬರುತ್ತದೆ, ಸಂಘದ ಕಂತಿಗೆ ಎಲ್ಲಿಂದ ತರುವುದು, ಮಗಳ ಜ್ವರಕ್ಕೆ ಇಂದೇ ಹೋಗಬೇಕೇ ಎಂಬ ಲೆಕ್ಕಗಳನ್ನು ಒಟ್ಟಿಗೇ ಹೊತ್ತು ಬಂದವನು, ಬಾಕಿಯ ಲೆಕ್ಕವನ್ನಾದರೂ ಇನ್ನೊಬ್ಬರು ನಂಬಿಕೆಯಿಂದ ಬರೆದಿಟ್ಟಿದ್ದಾರೆಂದಾಗ ಒಂದಿಷ್ಟು ಹಗುರಾಗುತ್ತಾನೆ. ಅಕ್ಕನ ಎರಡು ಪುಸ್ತಕಗಳು ಮಾಡುವುದು ಆ ಕೆಲಸವನ್ನು.

ಅಂಗಡಿಯ ‘ಶಾಲೆ ಚೀಟಿ’ಯನ್ನು ನಾನು ಇನ್ನೂ ಹೆಚ್ಚು ಮೆಚ್ಚುತ್ತೇನೆ. ಜನವರಿಯಿಂದ ವಾರಕ್ಕೆ ಇಪ್ಪತ್ತು ರೂಪಾಯಿ ಕೊಟ್ಟವರಿಗೆ ಮೇ ಕೊನೆಯಲ್ಲಿ ನೋಟ್‌ಪುಸ್ತಕ, ಪೆನ್ನು, ಚೀಲ ಸಿಗುತ್ತವೆ. ಮನೆಯಲ್ಲೇ ಕೂಡಿಡಬಹುದಲ್ಲ ಎಂದರೆ, ಮನೆಯಲ್ಲಿ ಇಟ್ಟ ಹಣಕ್ಕೆ ಮರುದಿನವೇ ಒಬ್ಬ ನೆಂಟನ ಕಾಯಿಲೆ, ಒಂದು ಸಾವು, ಒಂದು ಕಂತು ಬಂದು ನಿಲ್ಲುತ್ತದೆ. ಇಲ್ಲವೆನ್ನುವ ಧೈರ್ಯ ಬಡವರ ಓಣಿಯಲ್ಲಿ ಯಾರಿಗೂ ಇರುವುದಿಲ್ಲ, ಏಕೆಂದರೆ ನಾಳೆ ತಾವೂ ಕೇಳಬೇಕಾದವರೇ. ಚೀಟಿಗೆ ಕಟ್ಟಿದ ಹಣಕ್ಕೆ ಮಾತ್ರ ‘ಅದು ಮಗೂದು’ ಎಂದು ಹೇಳಿ ಪಾರಾಗಬಹುದು.

ಅಕ್ಕ ಮಕ್ಕಳಿಗೂ ಮಾತು ತಪ್ಪುವುದಿಲ್ಲ. ಏಳೆಂಟು ವರ್ಷದ ಹುಡುಗನೊಬ್ಬ ಬಣ್ಣದ ಪೆನ್ಸಿಲ್ ಕೇಳಿದಾಗ “ಸೋಮವಾರ ತರಿಸ್ತೀನಿ ಕಣೋ, ದುಡ್ಡು ಮಿಠಾಯಿಗೆ ಹಾಕ್ಬೇಡ” ಎಂದರು. ಸೋಮವಾರ ಪೆನ್ಸಿಲ್ ಇತ್ತು, ಹುಡುಗನ ಬಳಿ ದುಡ್ಡೂ ಇತ್ತು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎದುರಿಗಿಟ್ಟ ಮಿಠಾಯಿಯನ್ನು ತಿನ್ನದೆ ಕಾದರೆ ಇನ್ನೊಂದು ಕೊಡುವುದಾಗಿ ಹೇಳಿದಾಗ, ಮೊದಲು ಮಾತು ಉಳಿಸಿಕೊಂಡವರ ಎದುರು ಮಕ್ಕಳು ಆ ಎರಡನೆಯ ಮಿಠಾಯಿಗಾಗಿ ಸರಾಸರಿ ಸುಮಾರು 12 ನಿಮಿಷ ಕಾದರೆ, ಮಾತು ತಪ್ಪಿದವರ ಎದುರು ಸುಮಾರು 3 ನಿಮಿಷ ಮಾತ್ರ ಕಾದರು. ಹೇಳಿದ್ದು ಸಿಗುವುದೇ ಅಪರೂಪವಾದ ಮನೆಯ ಮಗು ಕೈಗೆ ಬಂದದ್ದನ್ನು ಆಗಲೇ ತಿಂದರೆ ಅದನ್ನು ಚಪಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ದೊಡ್ಡ ಕೊರತೆಯೊಂದನ್ನು ಹೇಳಲೇಬೇಕು. ಹೊಸದಾಗಿ ಬಂದವರಿಗೆ ಇಲ್ಲಿ ಉದ್ರಿ ಇಲ್ಲ. ಉತ್ತರ ಕರ್ನಾಟಕದಿಂದ, ಬಿಹಾರ ಅಸ್ಸಾಮುಗಳಿಂದ ಕೆಲಸಕ್ಕೆ ಬಂದ ಹುಡುಗರ ಪರವಾಗಿ ಹಳೆಯ ಗಿರಾಕಿಯೊಬ್ಬರು ನಿಲ್ಲಬೇಕು, ಯಾರು ನಿಲ್ಲುತ್ತಾರೆ? ಸಾಲಗಾರರ ಮೇಲಿನ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತಾದರೂ, ಇವರಂಥವರಿಗೆ ಅಕ್ಕಿ ಬೇಳೆಯ ಮಟ್ಟದಲ್ಲಿ ಸಣ್ಣ ಸಾಲ ಕೊಡುವವರು ಸಿಗದಿದ್ದರೆ ಅವರು ಹೋಗುವುದು ಮೀಟರ್ ಬಡ್ಡಿಯವರ ಬಳಿಗೇ. ಇನ್ನೂರು ರೂಪಾಯಿಯಿಂದ ಶುರುಮಾಡಿ, ಕೊಟ್ಟಂತೆ ಮಿತಿ ಏರಿಸಬಹುದಲ್ಲ ಎಂದು ಅಕ್ಕನಿಗೆ ಕೇಳಿದ್ದೇನೆ. ಯೋಚಿಸುವುದಾಗಿ ಹೇಳಿದ್ದಾರೆ.

ನಗದು ಕೊಟ್ಟು ತಿಂಗಳಿಗೊಮ್ಮೆ ಕೊಳ್ಳಬಲ್ಲವರು ರಾಗಿಯನ್ನಷ್ಟೇ ಇಲ್ಲಿ ತೆಗೆದುಕೊಂಡು ಉಳಿದದ್ದನ್ನು ಪೇಟೆಯಲ್ಲಿ ಕೊಳ್ಳಿ. ವಾರದ ಕೂಲಿಯವರಿಗೆ, ನನಗೆ ಗೊತ್ತಿರುವಷ್ಟರಲ್ಲಿ, ಈ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯ ಅಂಗಡಿಯಿಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುತ್ತದೆ, ಭಾನುವಾರ ಮಧ್ಯಾಹ್ನದ ಬಳಿಕ ಇರುವುದಿಲ್ಲ. ಶನಿವಾರ ಸಂಜೆ ಲೆಕ್ಕದ ಹೊತ್ತು. ಬೇರೆಯವರು ಆಗ ಹೋಗದಿದ್ದರೆ ಒಳ್ಳೆಯದು, ಪುಸ್ತಕ ತೋರಿಸಲು ಅಲ್ಲಿ ಸ್ವಲ್ಪ ಮರೆ ಬೇಕಾಗುತ್ತದೆ.