ಪುಟ್ಟ ಮೀನುಗಾರಿಕೆ ದೋಣಿಗೆ ತೇಲುವ ಫೋಮ್: ಹಲವು ಮಳೆಗಾಲ ಕಂಡ ಮೇಲೆ

ನಮ್ಮ ಫೈಬರ್ ದೋಣಿಯ ಅಂಚಿನ ಕೆಳಗೆ ಪಾಲಿಎಥಿಲೀನ್ ಫೋಮ್ ಹಲಗೆಗಳನ್ನು ಕೂರಿಸಿ ಹಲವು ಮಳೆಗಾಲ ಕಳೆದಿವೆ. ಯಾರು ಕೇಳಿದರೂ ಇದನ್ನೇ ಹಾಕಿಸಿ ಅನ್ನುತ್ತೇನೆ.

ಮೊದಲು ಇದ್ದದ್ದು ನೆಲಹಲಗೆಯ ಅಡಿ ಸುರಿದ ಪಿಯು (ಪಾಲಿಯುರೆಥೇನ್) ಫೋಮ್. ಎರಡು ದ್ರವ ಬೆರೆಸಿ ಸುರಿದರೆ ಉಬ್ಬಿ ಗಟ್ಟಿಯಾಗುತ್ತದಲ್ವಾ, ಅದು. ಮೂಲೆ ಮೂಲೆಗೂ ತುಂಬುತ್ತದೆ, ದೋಣಿಗೆ ಬಿಗಿ ಕೊಡುತ್ತದೆ, ನಿಜ. ಆದರೆ ತಳದಲ್ಲಿ ನೀರು ಹರಿಯಲು ದಾರಿ ಬಿಟ್ಟಿರಲಿಲ್ಲ. ವರ್ಷಗಟ್ಟಲೆ ನೀರಲ್ಲೇ ಕೂತರೆ ಆ ಫೋಮ್ ಕೂಡ ನಿಧಾನಕ್ಕೆ ನೀರು ಹೀರುತ್ತದೆ. ಗರಗಸ ಹಾಕಿ ಕಿತ್ತಾಗ ಮೇಲಿನ ಪದರ ಒಣಗಿತ್ತು, ಮುಟ್ಟಿದರೆ ಪುಡಿ. ಕೆಳಗಿನದು ಕಂದು ಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಒತ್ತಿದರೆ ನೀರು ಒಸರುತ್ತಿತ್ತು. ತೇಲಿಸಬೇಕಾದ ವಸ್ತುವೇ ದೋಣಿಗೆ ಭಾರವಾಗಿತ್ತು.

ಹೊಸ ಫೋಮನ್ನು ತಳಕ್ಕೆ ಹಾಕಲೇ ಇಲ್ಲ. ಎರಡೂ ಬದಿಯ ಅಂಚಿನ ಕೆಳಗೆ, ಸೀಟಿನ ಅಡಿ, ಜಾಸ್ತಿ ಪಾಲು ಹಿಂಬದಿಯಲ್ಲಿ. ಫೋಮ್ ಎಲ್ಲಾ ತಳದಲ್ಲಿದ್ದರೆ ನೀರು ತುಂಬಿದ ದೋಣಿ ಮಗುಚಿಬಿಡುತ್ತದೆ. ಬದಿಗಳಲ್ಲಿ ಮೇಲಿದ್ದರೆ ನೆಟ್ಟಗೆ ನಿಲ್ಲುತ್ತದೆ.

ಲೆಕ್ಕ ಸುಲಭ. 100 ಲೀಟರ್ ಫೋಮ್ ಸುಮಾರು 95 ಕೆಜಿ ಎತ್ತಿ ಹಿಡಿಯುತ್ತದೆ. ಫೈಬರ್ ನೀರಲ್ಲಿ ಮುಳುಗಿದಾಗ ತನ್ನ ತೂಕದ ಮೂರನೇ ಒಂದು ಭಾಗದಷ್ಟೇ ತೂಗುತ್ತದೆ. ಅಂದರೆ 150 ಕೆಜಿ ದೋಣಿಗೆ ಬೇಕಾದದ್ದು 50 ಕೆಜಿ ಎತ್ತುವ ಫೋಮ್. ಎಂಜಿನ್ ಲೋಹದ್ದು, ಅದರ ಭಾರ ಅಷ್ಟು ಇಳಿಯುವುದಿಲ್ಲ. ಹಿಂಬದಿಗೆ ಜಾಸ್ತಿ ಹಾಕಿದ್ದು ಅದಕ್ಕೇ. ಜನರ ಭಾರ, ಸಾಮಾನಿನ ಭಾರ ಬೇರೆ ಸೇರಿಸಿಕೊಳ್ಳಿ.

ಸುಮ್ನೆ ನಂಬಿ ಕೂರಲಿಲ್ಲ. ಎಂಜಿನ್ ಬಿಚ್ಚಿ, ಅಷ್ಟೇ ತೂಕದ ಕಬ್ಬಿಣ ಕಟ್ಟಿ, ಸೊಂಟದಷ್ಟು ನೀರಿನಲ್ಲಿ ಬಿರಡೆ ತೆಗೆದು ದೋಣಿಗೆ ನೀರು ತುಂಬಿಸಿದೆವು. ಅಂಚು ನೀರಿನಿಂದ ಒಂದು ಗೇಣು ಮೇಲೆ ನಿಂತಿತು. ಒಂದು ಬದಿ ಹಿಡಿದು ಜಗ್ಗಿದರೂ ಮಗುಚಲಿಲ್ಲ. ಬಿರಡೆ ಹಾಕಿ, ಒಳಗೆ ಕೂತೇ ನೀರು ಎತ್ತಿ ಹಾಕಿದೆವು. ಆ ಧೈರ್ಯಕ್ಕೆ ಬೆಲೆ ಕಟ್ಟಲಾಗದು.

ಕೊರತೆ ಇಲ್ಲವೆಂದಲ್ಲ. ಬಲೆ, ಗಾಳ ಇಡುವ ಜಾಗ ಕಡಿಮೆಯಾಗಿದೆ. ಈ ಫೋಮಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಪಟ್ಟಿ ಹಾಕಿ ಬಿಗಿಯಲೇಬೇಕು. ಬಿಸಿಲು ಬೀಳುವ ಕಡೆ ಮೇಲ್ಮೈ ಉದುರುತ್ತದೆ, ಹಾಗಾಗಿ ಮುಚ್ಚಿಟ್ಟಿದ್ದೇವೆ. ಹಲಗೆಗಳನ್ನು ಬಿಚ್ಚಿ ನೋಡಬಹುದು ಅನ್ನುವುದೇ ನನಗೆ ದೊಡ್ಡ ಸಮಾಧಾನ. ಈ ಸಲ ಬಿಚ್ಚಿ ತೂಗಿದಾಗಲೂ ನೀರು ಹೀರಿದ ಸುಳಿವಿರಲಿಲ್ಲ.

ಥರ್ಮಕೋಲ್ ಅಗ್ಗ ಅಂತ ತುಂಬಲು ಮಾತ್ರ ಹೋಗಬೇಡಿ. ಪೆಟ್ರೋಲ್ ತಾಗಿದರೆ ಕರಗಿಹೋಗುತ್ತದೆ.