‘ಕನ್ನಡ ದನಿ ಬೇಕು’ ಅನ್ನುವ ಮೆಸೇಜ್ ಬಂದರೆ ದುಡ್ಡೂ ಕೊಡಬೇಡಿ, ದನಿಯೂ ಕೊಡಬೇಡಿ

ಕಾಸರಗೋಡು, ಮಂಜೇಶ್ವರ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಆ ಮೆಸೇಜ್ ಮತ್ತೆ ಓಡಾಡುತ್ತಿದೆ. ‘ಕನ್ನಡ ವಾಯ್ಸ್ ಓವರ್ ಕಲಾವಿದರು ಬೇಕು. ಅನುಭವ ಬೇಡ. ಮನೆಯಿಂದಲೇ ಕೆಲಸ. ತರಬೇತಿ ನಾವೇ ಕೊಡುತ್ತೇವೆ.’ ವಾಯ್ಸ್ ಓವರ್ ಅಂದರೆ ಜಾಹೀರಾತು, ವಿಡಿಯೋಗಳಿಗೆ ಹಿನ್ನೆಲೆಯಲ್ಲಿ ದನಿ ಕೊಡುವ ಕೆಲಸ. ಕಳೆದ ವರ್ಷ ಇದೇ ಮೆಸೇಜ್ ನೋಡಿ ನಾನು ಸೇರಿದ್ದೆ. ದುಡ್ಡು ಹೋಯಿತು. ದುಡ್ಡಾದರೆ ಮತ್ತೆ ದುಡಿಯಬಹುದು. ನನ್ನ ದನಿಯ ರೆಕಾರ್ಡಿಂಗ್ ಎಲ್ಲ ಅವರ ಕೈಯಲ್ಲೇ ಉಳಿದಿದೆ, ಅದನ್ನು ವಾಪಸ್ ತರುವುದು ಹೇಗೆ?

ಮೊದಲು ಆನ್‌ಲೈನಿನಲ್ಲಿ ಒಂದು ಫ್ರೀ ಕ್ಲಾಸ್. ಮರುದಿನವೇ ಫೋನ್. ‘ಮೇಡಂ, ನಿಮ್ಮ ವಾಯ್ಸ್ ತುಂಬ ಚೆನ್ನಾಗಿದೆ. ಆದರೆ ಮಾತಲ್ಲಿ ಮಲಯಾಳದ ರಾಗ ಇದೆ. ಅದನ್ನು ತೆಗೆಯದಿದ್ದರೆ ಬೆಂಗಳೂರಲ್ಲಿ ಕೆಲಸ ಸಿಗಲ್ಲ.’ ಅದನ್ನು ತೆಗೆಯಲು 15 ಸಾವಿರ ರೂಪಾಯಿಯ ಕೋರ್ಸ್. ಈ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ತಾಳಮದ್ದಳೆಯ ಅರ್ಥಗಾರಿಕೆ ಕೇಳುತ್ತಾ ಬೆಳೆದವರು. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಕನ್ನಡ ಶಾಲೆಗಳನ್ನು ಬಿಟ್ಟುಕೊಡದ ಜನ. ಬೆಂಗಳೂರಿನ ಧಾಟಿ ಬೇಕು ಅನ್ನುವ ಜಾಹೀರಾತು ಇರುತ್ತದೆ, ಅದನ್ನು ಕಲಿಯಬಹುದು, ತಪ್ಪೇನಿಲ್ಲ. ಆದರೆ ನಮ್ಮ ಕನ್ನಡವನ್ನೇ ರೋಗ ಅಂತ ತೋರಿಸಿ ಮದ್ದು ಮಾರುವವರನ್ನು ದಯವಿಟ್ಟು ನಂಬಬೇಡಿ.

ಆಮೇಲೆ ಶುರುವಾಯಿತು ‘ಅಭ್ಯಾಸ’. ನಿಜವಾದ ಅಪಾಯ ಇರುವುದು ಇಲ್ಲೇ. ದಿನಾ ಒಂದು ಪಟ್ಟಿ ಬರುತ್ತಿತ್ತು. ಒಂದು ವಾಕ್ಯಕ್ಕೂ ಮುಂದಿನದಕ್ಕೂ ಸಂಬಂಧವೇ ಇಲ್ಲ. ಏಳು ಸಾವಿರದ ಮುನ್ನೂರ ಹದಿನಾಲ್ಕು ಅಂತ ಒಂದು. ನಿಮ್ಮ ಕರೆಯನ್ನು ವರ್ಗಾಯಿಸಲಾಗುತ್ತಿದೆ ಅಂತ ಇನ್ನೊಂದು. ನಡುವೆ ಊರುಗಳ ಹೆಸರು, ತಿಂಗಳುಗಳ ಹೆಸರು, ಠ, ಢ, ಝ ಬರುವ ಅಪರೂಪದ ಪದಗಳು. ಎಲ್ಲವನ್ನೂ ಒಂದೇ ವೇಗದಲ್ಲಿ, ಒಂದೇ ದನಿಯಲ್ಲಿ, ಮೈಕಿನಿಂದ ಅಷ್ಟೇ ದೂರ ಕುಳಿತು ಓದಬೇಕು. ಭಾವ ಬೇಡ. ಒಂದೊಂದು ವಾಕ್ಯಕ್ಕೂ ಬೇರೆ ಫೈಲ್, ವೇವ್ ಫಾರ್ಮ್ಯಾಟಿನಲ್ಲೇ ಬೇಕು. ಚೆನ್ನಾಗಿ ಓದಿದೆನಾ, ಇಲ್ವಾ ಅಂತ ಯಾರೂ ಹೇಳಲಿಲ್ಲ. ಫ್ಯಾನಿನ ಸದ್ದು ಬಂದಿದೆ, ಮತ್ತೆ ಕಳಿಸಿ. ಇಷ್ಟೇ ಉತ್ತರ.

ಮಂಗಳೂರಿನ ಸ್ಟುಡಿಯೋ ಒಂದರಲ್ಲಿ ಸೌಂಡ್ ಕೆಲಸ ಮಾಡುವ ನಮ್ಮ ನೆರೆಮನೆಯ ಹುಡುಗ ಆ ಪಟ್ಟಿ ನೋಡಿ ಹೇಳಿದ, ‘ಅಕ್ಕಾ, ಇದು ಪಾಠ ಅಲ್ಲ. ಕಂಪ್ಯೂಟರಿಗೆ ನಿಮ್ಮ ಹಾಗೆ ಮಾತಾಡಲು ಕಲಿಸುವ ಸಾಮಾನು.’ ಪಠ್ಯ ಕೊಟ್ಟರೆ ತಾನೇ ಓದುವ ಎಐ ದನಿ ತಯಾರಿಸಲು ಬೇಕಾದದ್ದು ಇಂಥ ರೆಕಾರ್ಡಿಂಗೇ. ಭಾಷೆಯ ಎಲ್ಲ ಸದ್ದುಗಳೂ ಬರಬೇಕು, ದನಿ ಏರುಪೇರಾಗಬಾರದು. ಕಲಿಸುವ ಗುರು ಮಾಡುವುದು ಇದಕ್ಕೆ ಪೂರ್ತಿ ವಿರುದ್ಧ. ಒಂದೇ ಸಾಲು ಕೊಟ್ಟು ಹತ್ತು ರೀತಿಯಲ್ಲಿ ಹೇಳಿಸುತ್ತಾರೆ. ಗೆಳತಿಗೆ ಹೇಳಿದ ಹಾಗೆ, ಮಗುವನ್ನು ರಮಿಸಿದ ಹಾಗೆ, ಸಿಟ್ಟು ನುಂಗಿಕೊಂಡ ಹಾಗೆ. ಉಸಿರು ಎಲ್ಲಿ ತೆಗೆದೆ ಅಂತ ಕೇಳುತ್ತಾರೆ. ‘ಪ’ ಹೇಳುವಾಗ ಮೈಕಿಗೆ ಗಾಳಿ ಹೊಡೆಯಿತು ಅಂತ ತಿದ್ದುತ್ತಾರೆ.

ಕೊನೆಗೆ ‘ಕೆಲಸ ಸಿಗುವ ಮೊದಲು ಸಹಿ ಹಾಕಿ’ ಎಂದು ಇಂಗ್ಲಿಷಿನ ಒಪ್ಪಂದ ಬಂತು. ಪುಟಗಳ ನಡುವೆ ಒಂದು ಸಾಲು: ಕಳಿಸಿದ ಎಲ್ಲ ರೆಕಾರ್ಡಿಂಗನ್ನು ಯಾವ ಮಾಧ್ಯಮದಲ್ಲಾದರೂ, ಎಷ್ಟು ಕಾಲವಾದರೂ, ಹೊಸ ದನಿ ತಯಾರಿಸಲೂ ಬಳಸುವ ಹಕ್ಕು ಅವರದು. ನಾನು ಸಹಿ ಹಾಕಲಿಲ್ಲ. ರೆಕಾರ್ಡಿಂಗ್ ಅಳಿಸಿ ಎಂದು ಬರೆದೆ. ಅವತ್ತಿನಿಂದ ಫೋನೂ ಇಲ್ಲ, ಉತ್ತರವೂ ಇಲ್ಲ.

ಇದು ನಮ್ಮ ಕಡೆಯದ್ದು ಮಾತ್ರ ಅಲ್ಲ. ಅಮೆರಿಕದ ಇಬ್ಬರು ದನಿ ಕಲಾವಿದರು 2024ರಲ್ಲಿ ನ್ಯೂಯಾರ್ಕಿನ ಕೋರ್ಟಿಗೆ ಹೋದರು. ಸಂಶೋಧನೆಗೆ ಅಂತ ಒಬ್ಬರಿಂದ, ರೇಡಿಯೋ ಜಾಹೀರಾತಿನ ಪರೀಕ್ಷೆಗೆ ಅಂತ ಇನ್ನೊಬ್ಬರಿಂದ ಓದಿಸಿಕೊಂಡು ಒಂದು ಕಂಪನಿ ಎಐ ದನಿ ಮಾಡಿ ಮಾರಿದೆ ಎಂಬುದು ಅವರ ದೂರು. ಅದೇ ವರ್ಷ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐ ಮೂಲಕ ನಕಲು ಮಾಡದಂತೆ ತಡೆ ಕೊಟ್ಟಿತು. ಹೆಸರಿದ್ದವರಿಗೆ ಆ ದಾರಿ ಇದೆ. ಹೊಸಬರು ಕೋರ್ಟಿಗೆ ಅಲೆಯುವುದು ಎಷ್ಟು ಕಷ್ಟ ಅಲ್ವಾ? ಹಾಗಾಗಿ ಕೊಡುವ ಮೊದಲೇ ಕೇಳಿ. ಇದನ್ನು ಎಲ್ಲಿ ಬಳಸುತ್ತೀರಿ? ಎಷ್ಟು ಕಾಲ? ಎಐಗೆ ಬಳಸುತ್ತೀರಾ? ಉತ್ತರ ಬರಹದಲ್ಲೇ ಬರಲಿ.

ಡೆಮೊ, ಅಂದರೆ ಕೆಲಸ ಕೇಳುವಾಗ ತೋರಿಸುವ ದನಿಯ ಮಾದರಿ, ಮಾಡಿಕೊಡುತ್ತೇವೆ ಎಂದು ಬೇರೆ ದುಡ್ಡು ಕೇಳುತ್ತಾರೆ. ನನ್ನ ಜೊತೆ ಸೇರಿದ್ದ ಪುತ್ತೂರಿನ ಒಬ್ಬರಿಗೂ ನನಗೂ ಅದೇ ಸಾಲು, ಅದೇ ಸಂಗೀತ. ಅಂಥದ್ದನ್ನು ಯಾವ ಸ್ಟುಡಿಯೋದವರೂ ಪೂರ್ತಿ ಕೇಳುವುದಿಲ್ಲ. ಡೆಮೊ ಅಂದರೆ ಒಂದು, ಒಂದೂವರೆ ನಿಮಿಷ. ಕಲಿತ ಮೇಲೆ ಮಾಡುವಂಥದ್ದು.

ಕಲಿಯುವ ಆಸೆ ಇದ್ದವರು ಆಸೆ ಬಿಡಬೇಡಿ. ದನಿ ರೆಕಾರ್ಡ್ ಮಾಡುವ ಅಡಾಸಿಟಿ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಮೈಕಿಗಿಂತ ಕೋಣೆ ಮುಖ್ಯ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಹಿಂದೆ ಕಂಬಳಿ ನೇತುಹಾಕಿ ಓದಿ ನೋಡಿ, ದನಿ ಗುಂಯ್ ಅನ್ನುವುದು ಎಷ್ಟೋ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಮಾತ್ರ ಏನೂ ಆಗುವುದಿಲ್ಲ, ಮಳೆ ಬಿಡುವವರೆಗೆ ಕಾಯಬೇಕು. ದಿನಾ ಪೇಪರ್ ಜೋರಾಗಿ ಓದಿ, ರೆಕಾರ್ಡ್ ಮಾಡಿ, ನೀವೇ ಕೇಳಿ. ಸ್ಯಾಂಪಲ್ ಕೇಳಿದರೆ ಕೆಲವೇ ಸಾಲು ಕಳಿಸಿ. ಹಿಂದೆ ಸಣ್ಣಗೆ ಸಂಗೀತ ಹಾಕಿಯೇ ಕಳಿಸಿ, ಸುಮ್ನೆ ಬಳಸಿಕೊಳ್ಳುವುದು ಕಷ್ಟವಾಗುತ್ತದೆ.

ಈಗಾಗಲೇ ದುಡ್ಡು ಕಟ್ಟಿದವರು ಚಾಟ್, ರಸೀದಿ, ಕಳಿಸಿದ ಫೈಲ್ ಯಾವುದನ್ನೂ ಅಳಿಸಬೇಡಿ. ಮೋಸ ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಗ್ರಾಹಕರ ಸಹಾಯವಾಣಿ 1915. ನನ್ನ ರೆಕಾರ್ಡಿಂಗ್ ಬಳಸಲು ಒಪ್ಪಿಗೆ ಇಲ್ಲ ಎಂದು ಅವರಿಗೆ ಇಮೇಲ್ ಹಾಕಿಡಿ. ಒಪ್ಪಂದ ಬಂದು ಅರ್ಥವಾಗದಿದ್ದರೆ ಸಹಿಗೆ ಮೊದಲು ನನಗೆ ಕಳಿಸಿ, ಕೂತು ಓದಿ ಹೇಳುತ್ತೇನೆ.